ಬಿಟ್ಟಿ ಸಲಹೆಗೆ ಲೆಕ್ಕ ಇಟ್ಟೆ

ತೋಟಗಾರಿಕೆ ಇಲಾಖೆಯಲ್ಲಿ 30 ವರ್ಷ ಕೆಲಸ ಮಾಡಿ, ನಿವೃತ್ತಿಯಾಗಿ ಹಾಸನದ ಹತ್ತಿರದ ನಮ್ಮೂರಿಗೆ ಬಂದೆ. ಆಫೀಸಲ್ಲಿದ್ದಾಗ ಹತ್ತು ಗಂಟೆಗೆಲ್ಲ ರೈತರು ಮೇಜಿನ ಮುಂದೆ ನಿಂತಿರುತ್ತಿದ್ದರು. ಇಲ್ಲಿ ಹತ್ತು ಗಂಟೆಗೆ ಯಾರೂ ಬರುವುದಿಲ್ಲ. ಅದಕ್ಕೆ ನಾನೇ ಹೋಗತೊಡಗಿದೆ.

ಮೇ ಕೊನೆಯಲ್ಲಿ ತಮ್ಮನ ಮಗ ಆಲೂಗಡ್ಡೆ ಬೀಜ, ಅಂದರೆ ಬಿತ್ತನೆಯ ಗಡ್ಡೆ, ಕುಯ್ಯುತ್ತಿದ್ದ. ಪಂಜಾಬಿನ ಜಲಂಧರ್‌ನಿಂದ ಬಂದ ಕುಫ್ರಿ ಜ್ಯೋತಿ ತಳಿ. ಜಗಲಿ ಮೇಲೆ ಕೂತು ಶುರು ಮಾಡಿದೆ. "ತುಂಡಿಗೆ ಎರಡು ಮೊಳಕೆ ಕಣ್ಣಾದರೂ ಇರಲಿ ಕಣೋ. ಮ್ಯಾಂಕೋಜೆಬ್ ಔಷಧಿ ನೀರಲ್ಲಿ ಅದ್ದು. ಬಿಸಿಲಿಗೆ ಹಾಕಬೇಡ, ನೆರಳಲ್ಲೇ ಆರಲಿ."

"ಹೂಂ ದೊಡ್ಡಪ್ಪ. ನೀವೇ ಹೇಳಿಕೊಟ್ಟಿದ್ದಲ್ವಾ?"

ತಿರುಗಿ ನೋಡಿದರೆ ಔಷಧಿ ಬಕೆಟ್ಟು ಅಲ್ಲೇ ಇತ್ತು. ಕುಯ್ದ ತುಂಡುಗಳು ನೆರಳಲ್ಲಿ ಗೋಣಿಚೀಲದ ಮೇಲೆ ಆರುತ್ತಿದ್ದವು. ಅಷ್ಟರಲ್ಲಿ ತಮ್ಮನ ಹೆಂಡತಿ ಮೂರನೇ ಸಲ ಬಂದು, "ಭಾವ, ಕಾಫಿ ತರ್ಲಾ?" ಅಂದಳು. ಮನೆಗೆ ಬಂದ ಮೇಲೆ ನನ್ನವಳು ನಕ್ಕಳು: "ಕುಡಿಯುವಷ್ಟು ಹೊತ್ತಾದರೂ ಸುಮ್ಮನಿರ್ತೀರಿ ಅಂತ ಕೊಟ್ಟಿರೋದು."

ಚುಚ್ಚಿತು. ಅವತ್ತಿಂದ ಹಳೇ ಹಾಲಿನ ಪುಸ್ತಕದಲ್ಲಿ ಗೀಟು ಹಾಕತೊಡಗಿದೆ. ಒಂದು ಕಡೆ ನಾನಾಗಿ ಹೇಳಿದ್ದು, ಇನ್ನೊಂದು ಕಡೆ ಅವರು ಕೇಳಿದ್ದು. ಎಂಟು ದಿನದಲ್ಲಿ ಹೇಳಿದ್ದು 43, ಕೇಳಿದ್ದು 2. ಆ ಎರಡರಲ್ಲಿ ಒಂದು, ಹಾಸನದ ಬಸ್ಸು ಎಷ್ಟೊತ್ತಿಗೆ ಅಂತ! ಗೀಟು ಜಾಸ್ತಿ ಬಿದ್ದಿದ್ದು ಹತ್ತರಿಂದ ಹನ್ನೆರಡರೊಳಗೆ. ಆಫೀಸಿನ ಹೊತ್ತು. ಬೆಳೆ ಬಗ್ಗೆ ಕಾಳಜಿ ಅಂದುಕೊಂಡಿದ್ದೆ. ಕಾಳಜಿಗೆ ಹೀಗೆ ಟೈಮ್ ಇರುತ್ತಾ?

ಕೇಳಿದರೆ ಮಾತ್ರ ಹೇಳು ಅಂತ ನನಗೆ ನಾನೇ ಹೇಳಿಕೊಂಡಿದ್ದು ಒಂದು ದಿನವೂ ನಡೆಯಲಿಲ್ಲ. ಕೈಗೆ ಕೆಲಸ ಕೊಟ್ಟಿದ್ದು ನಡೆಯಿತು. ಹುಡುಗ ಮೇಲಿನ ಹೊಲಕ್ಕೆ ಬೀಜ ಕುಯ್ಯುವಾಗ ಹತ್ತು ಗಂಟೆಗೆ ಸರಿಯಾಗಿ ಹೋಗಿ, ಚಾಕು ತಗೊಂಡು ಕೆಳಗೇ ಕೂತೆ. ಬಾಯಿ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಗಡ್ಡೆ ಕುಯ್ದರೆ ಒಳಗೆ ಕಂದು ಉಂಗುರ. ಕೊಳೆರೋಗ. ತೋರಿಸಲು ಕೈ ಎತ್ತುವುದರೊಳಗೆ ಅವನೇ ಅದನ್ನು ಕಿತ್ತು ಆಚೆ ಎಸೆದ. ರೋಗ ಹರಡದಿರಲಿ ಅಂತ ನನ್ನ ಚಾಕುವನ್ನೂ ಇಸಕೊಂಡು ಸ್ಪಿರಿಟ್‌ನಲ್ಲಿ ಅದ್ದಿಕೊಟ್ಟ.

ಸಂಜೆ ಹೊತ್ತಿಗೆ ಎರಡು ಮೂಟೆ ಮುಗಿದಿತ್ತು, ಸೊಂಟ ಹಿಡಿದುಕೊಂಡಿತ್ತು. "ನಾಳೆನೂ ಬರ್ತೀರಾ ದೊಡ್ಡಪ್ಪ? ಇನ್ನೂ ನಾಲ್ಕು ಮೂಟೆ ಇದೆ" ಅಂದ.

ಬರ್ತೀನಿ ಅಂದೆ. ನೋಡಿದರೆ ಆ ಮೂಟೆಗಳು ಬರೀ ನೆಲದ ಮೇಲಿವೆ. "ಕೆಳಗೆ ಹಲಗೆ ಹಾಕೋ, ತೇವ ಹಿಡಿಯುತ್ತೆ" ಅಂದುಬಿಟ್ಟೆ.

ಮನೆಗೆ ಹೋಗಿ ಒಂದು ಗೀಟು ಹಾಕಿದೆ.