ಕೂದಲಿಗೆ ಕೈ ಹಚ್ಚದೆ ಜಡೆ ಬೆಳೆಸಿದ್ದು

ಕೊನೆಗೂ ಜಡೆ ಸೊಂಟಕ್ಕೆ ಬಂತು. ವರ್ಷಗಟ್ಟಲೆ ಭುಜದ ಹತ್ತಿರವೇ ನಿಂತುಬಿಟ್ಟಿದ್ದ ಕೂದಲು ಇದು. ಹೆಚ್ಚುಕಮ್ಮಿ ಮೂರು ವರ್ಷ ಹಿಡಿಯಿತು. "ಅತ್ತಿಗೆ, ವಾರಕ್ಕೊಂದೇ ಸಲ ತಲೆ ಬಾಚಿದ್ರೆ ಕೂದಲು ಬೆಳೆಯುತ್ತಾ? ಜಟೆ ಕಟ್ಟುತ್ತೆ ಅಷ್ಟೇ" ಎಂದು ನಾದಿನಿ ನಕ್ಕಿದ್ದಳು. ಆಫೀಸಿನಲ್ಲಿ ನನ್ನ ಎರಡು ಜಡೆಗೆ ಹೈಸ್ಕೂಲ್ ಜಡೆ ಅಂತ ಹೆಸರಿಟ್ಟಿದ್ದರು. ಈಗ ಅವರೇ ಊಟದ ಹೊತ್ತಲ್ಲಿ ಬಂದು ಯಾವ ಎಣ್ಣೆ ಅಂತ ಕೇಳುತ್ತಾರೆ.

ನನ್ನದು ಅರ್ಧ ಗುಂಗುರು ಕೂದಲು. ಬೆಂಗಳೂರಿನ ಬೋರ್‌ವೆಲ್ ನೀರು, ದಿನಾ ಸ್ಕೂಟರು, ಹೆಲ್ಮೆಟ್ಟು. ಎಣ್ಣೆ ಹಚ್ಚುವುದು, ಸೀಗೆಪುಡಿ ಕಲಸುವುದು ನಿಮಗೆ ಹೇಳಿಕೊಡಬೇಕಿಲ್ಲ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡು ಹೋದ ಕಥೆ. ಪಾರ್ಲರಿನಲ್ಲಿ ಸ್ಮೂತನಿಂಗ್‌ಗೆ, ಅಂದರೆ ಗುಂಗುರು ತೆಗೆದು ನೇರ ಮಾಡಿಸಲು, ಆರೋ ಏಳೋ ಸಾವಿರ ಕೊಟ್ಟೆ. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಬುಡದಿಂದ ಗುಂಗುರು ಬರತೊಡಗಿತು, ಕೆಳಗೆ ನೇರ. ಎರಡೂ ಸೇರುವ ಜಾಗದಲ್ಲೇ ಕೂದಲು ತುಂಡಾಗುತ್ತಿತ್ತು. ಆಮೇಲೆ ಈರುಳ್ಳಿ ಎಣ್ಣೆ, ರೋಸ್‌ಮೆರಿ ನೀರು, ಏನೇನೋ ಸೀರಮ್ಮು. ಕೂದಲಿಗೆ ಒಳ್ಳೆಯದೆಂದು ಮಾರುವ ಬಯೋಟಿನ್ ವಿಟಮಿನ್ನಿನ ಗಮ್ಮಿಗೆ ತಿಂಗಳಿಗೆ 700 ರೂಪಾಯಿಯ ಹಾಗೆ ಅರ್ಧ ವರ್ಷ. ಥೈರಾಯ್ಡ್ ಟೆಸ್ಟಿಗೆ ಹೋದಾಗ ಡಾಕ್ಟರು, ಬಯೋಟಿನ್ ತಗೊಂಡಿದ್ದರೆ ರಿಪೋರ್ಟ್ ತಪ್ಪು ಬರಬಹುದು, ಮೊದಲು ನಿಲ್ಲಿಸಿ ಅಂದರು. ನಿಲ್ಲಿಸಿದೆ. ಕೂದಲಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ, ಮತ್ತೆ ತರಲೂ ಇಲ್ಲ. ಶವರಿಗೆ ಹಾಕುವ ಫಿಲ್ಟರಿಗೆ ಎರಡು ಸಾವಿರ. ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಉಪ್ಪು ಆಮೇಲೂ ಹಾಗೇ ಕಟ್ಟುತ್ತಿತ್ತು, ಅಂದರೆ ನೀರಿನ ಗಡಸು ಎಲ್ಲೂ ಹೋಗಿರಲಿಲ್ಲ. ಎಲ್ಲ ಸೇರಿ 20 ಸಾವಿರ ದಾಟಿರಬೇಕು. ಮನೆಯವರಿಗೆ ಈ ಲೆಕ್ಕ ಹೇಳಿಲ್ಲ.

ದಾರಿ ಸಿಕ್ಕಿದ್ದು ಒಂದು ಬಿಳಿ ಟವೆಲ್ಲಿನಿಂದ. ಬಾಚಣಿಗೆಯಲ್ಲಿ ಬಂದ ಕೂದಲನ್ನೆಲ್ಲ ಒಂದು ವಾರ ಕೂಡಿಟ್ಟು, ಟವೆಲ್ ಮೇಲೆ ಒಂದೊಂದಾಗಿ ಬಿಡಿಸಿ ನೋಡಿದೆ. ತಾನಾಗಿ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಬಿಳಿ ಗುಂಡು ಇರುತ್ತದೆ. ಅದು ದಿನಕ್ಕೆ 50ರಿಂದ 100 ಹೋದರೂ ಹೆದರಬೇಕಿಲ್ಲ. ನನ್ನ ರಾಶಿಯಲ್ಲಿ ಅಂಥದ್ದು ಕಾಲು ಭಾಗವೂ ಇರಲಿಲ್ಲ. ಉಳಿದಿದ್ದೆಲ್ಲ ಎರಡು ಮೂರು ಬೆರಳುದ್ದದ ತುಂಡುಗಳು, ಗುಂಡಿಲ್ಲದವು. ಕೆಲವು ತುದಿ ಸೀಳಿ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಾಣುತ್ತಿದ್ದವು. ತಲೆಗೂದಲು ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ನನ್ನದೂ ಬೆಳೆಯುತ್ತಿತ್ತು. ಬುಡದಲ್ಲಿ ಬಂದಷ್ಟೇ ತುದಿಯಲ್ಲಿ ಮುರಿದು ಹೋಗುತ್ತಿತ್ತು. ಇನ್ನು ಬುಡಕ್ಕೆ ಸುರಿದ ಎಣ್ಣೆಗಳು ಏನು ತಾನೇ ಮಾಡಿಯಾವು?

ಕೂದಲನ್ನು ಕಟ್ಟಿಟ್ಟು ವಾರಗಟ್ಟಲೆ ಬಿಚ್ಚದಿರುವ ಪದ್ಧತಿಯನ್ನು ಅಮೆರಿಕದ ಕಪ್ಪು ಹೆಂಗಸರ ವಿಡಿಯೋಗಳಲ್ಲಿ ನೋಡಿದೆ. ಅವರದು ಸುರುಳಿ ಸುರುಳಿ ಕೂದಲು. ಎರಡೆಳೆ ಹುರಿ ಹಾಕಿದರೆ ಬಿಚ್ಚಿಕೊಳ್ಳುವುದಿಲ್ಲ, ಬುಡದ ಜಿಡ್ಡೂ ಬೇಗ ತುದಿಗೆ ಇಳಿಯುವುದಿಲ್ಲ. ಹಾಗಾಗಿ ಅವರಿಗೆ ಒಂದು ತಿಂಗಳಾದರೂ ನಡೆಯುತ್ತದೆ. ನಾನು ಭಾನುವಾರ ಹಾಕಿದ ಹುರಿ ಮಂಗಳವಾರಕ್ಕೇ ಬಿಚ್ಚಿಹೋಯಿತು. ಶುಕ್ರವಾರದ ಹೊತ್ತಿಗೆ ತಲೆ ಜಿಡ್ಡು. ನಮ್ಮ ಕೂದಲಿಗೆ ನಮ್ಮ ಮೂರೆಳೆ ಜಡೆಯೇ ಸರಿ, ಅದೂ ಒಂದು ವಾರಕ್ಕೆ ಮಾತ್ರ.

ಈಗ ನಡೆಯುತ್ತಿರುವುದು ಹೀಗೆ. ಭಾನುವಾರ ಕೊಬ್ಬರಿ ಎಣ್ಣೆ ಹಚ್ಚಿ ಒಂದೆರಡು ಗಂಟೆ ಬಿಡುತ್ತೇನೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಆ ಗುಣ ಇಲ್ಲ ಎಂದು 2003ರಲ್ಲೇ ಪರೀಕ್ಷೆ ಮಾಡಿ ಬರೆದಿದ್ದಾರೆ. ಆಮೇಲೆ ಸೀಗೆಪುಡಿ, ಚಿಗರೆಪುಡಿ ಕಲಸಿ ತಲೆಗೆ ಹಾಕುತ್ತೇನೆ. ಊರಿಂದ ದಾಸವಾಳದ ಸೊಪ್ಪು ಬಂದ ವಾರ ಅದರ ಗೊಂಪು, ಅಂದರೆ ಸೊಪ್ಪು ಕಿವುಚಿದ ಲೋಳೆ. ಸಿಕ್ಕು ಬಿಡಿಸುವುದು ಆ ಲೋಳೆ ತಲೆಯಲ್ಲಿರುವಾಗಲೇ, ಬೆರಳಲ್ಲಿ, ತುದಿಯಿಂದ ಶುರುಮಾಡಿ ಮೇಲಕ್ಕೆ. ಒದ್ದೆ ಕೂದಲು ಎಳೆದಷ್ಟೂ ಹಿಗ್ಗಿ ಪಟ್ಟನೆ ಹರಿಯುತ್ತದೆ, ಅಲ್ಲಿ ಅವಸರ ಮಾಡಬಾರದು. ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ಆರ್‌ಓ ನೀರು. ಶವರ್ ಫಿಲ್ಟರ್ ಮಾಡದ ಕೆಲಸವನ್ನು ಈ ಎರಡು ಚೊಂಬು ಮಾಡಿತು.

ಹಳೇ ಪಂಚೆಯಲ್ಲಿ ಒತ್ತಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಎರಡು ಸಡಿಲ ಜಡೆ. ತುದಿಯ ನಾಲ್ಕು ಬೆರಳಷ್ಟನ್ನು ಒಳಕ್ಕೆ ಮಡಚಿ ಬಟ್ಟೆಯ ಟೇಪಿನಲ್ಲಿ ಕಟ್ಟುತ್ತೇನೆ. ರಬ್ಬರ್ ಬ್ಯಾಂಡ್ ಹಾಕಿದ ಜಾಗವನ್ನೇ ಕತ್ತರಿಸಿಬಿಡುತ್ತದೆ. ಎರಡೂ ಜಡೆಯನ್ನು ಕತ್ತಿನ ಹತ್ತಿರ ಅಡ್ಡಡ್ಡ ಹಾಯಿಸಿ ಪಿನ್ನು ಸಿಕ್ಕಿಸಿದರೆ ಹೆಲ್ಮೆಟ್ಟು ತಲೆಯ ಮೇಲೆ ಆರಾಮಾಗಿ ಕೂರುತ್ತದೆ. ಪಿನ್ನು ಎಲ್ಲಿ, ಎಷ್ಟು ಅಂತ ಆಫೀಸಿನವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಮುಂದಿನ ಭಾನುವಾರದವರೆಗೆ ಬಾಚಣಿಗೆ ಮುಟ್ಟುವುದಿಲ್ಲ. ಹಣೆಯ ಮೇಲಿನ ಪುಡಿಗೂದಲನ್ನು ಒದ್ದೆ ಅಂಗೈಯಲ್ಲಿ ಸವರಿದರೆ ಸಾಕು. ರಾತ್ರಿ ದಿಂಬಿಗೆ ಅಮ್ಮನ ಹರಿದ ರೇಷ್ಮೆ ಸೀರೆಯ ತುಂಡು.

ಶುರುವಿನಲ್ಲಿ ಇದೂ ಕೈಕೊಟ್ಟಿತು. ವಾರ ಪೂರ್ತಿ ನಿಲ್ಲಲಿ ಅಂತ ಬಿಗಿಯಾಗಿ ಹೆಣೆದಾಗ ಕಿವಿಯ ಮೇಲೆ ಸಣ್ಣ ಗುಳ್ಳೆ ಎದ್ದು, ಬೈತಲೆ ಅಗಲವಾದ ಹಾಗೆ ಕಂಡಿತು. ಬಿಗಿ ಜಡೆ ವರ್ಷಗಟ್ಟಲೆ ಹಾಕಿದರೆ ಅಂಚಿನ ಕೂದಲು ಮತ್ತೆ ಬಾರದಂತೆಯೂ ಹೋಗಬಹುದು. ಈಗ ಹುಬ್ಬು ಎತ್ತಿದರೆ ಚರ್ಮ ಎಳೆಯಬಾರದು, ಅದೇ ಅಳತೆ. ಬೈತಲೆಯನ್ನೂ ವಾರವಾರ ಸ್ವಲ್ಪ ಸರಿಸುತ್ತೇನೆ. ಮಳೆಗಾಲದಲ್ಲಿ ಅರೆಬರೆ ಒಣಗಿಸಿ ಹೆಣೆದ ಜಡೆ ಬುಧವಾರಕ್ಕೆ ಒಣಗದ ಬಟ್ಟೆಯ ವಾಸನೆ ಹೊಡೆಯಿತು, ತುರಿಕೆ ಬೇರೆ. ಮಧ್ಯದಲ್ಲಿ ಒಮ್ಮೆ ಜೋರು ಜ್ವರ ಬಂದು, ಎರಡು ಮೂರು ತಿಂಗಳಾದ ಮೇಲೆ ಕೂದಲು ಕೈಗೆ ಕೈಗೆ ಬಂತು. "ನಾನು ಹೇಳಿರಲಿಲ್ವಾ?" ಅಂದಳು ನಾದಿನಿ. ಟವೆಲ್ ಹಾಸಿ ತೋರಿಸಿದೆ. ಎಲ್ಲದರಲ್ಲೂ ಬಿಳಿ ಗುಂಡು. ಜ್ವರದ ಉದುರುವಿಕೆ ಅದು, ತಾನಾಗಿ ನಿಂತಿತು.

ಪಕ್ಕದಲ್ಲಿ ಬೇರೆ ಪ್ರಯೋಗಗಳೂ ನಡೆದವು. ಅಗಸೆ ಬೀಜ ಕುದಿಸಿ ಸೋಸಿದ ಲೋಳೆ ಜಡೆಗೆ ಒಳ್ಳೆ ಹಿಡಿತ ಕೊಡುತ್ತದೆ, ಆದರೆ ಫ್ರಿಜ್ಜಿನಲ್ಲೂ ವಾರದ ಮೇಲೆ ನಿಲ್ಲುವುದಿಲ್ಲ. ಬಿಸಿ ಇರುವಾಗಲೇ ಸೋಸಿ, ಆರಿದ ಮೇಲೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಹುಳಿ ಬರಿಸಿದ ಅಕ್ಕಿ ನೀರು ಕೂದಲನ್ನು ಪೊರಕೆ ಮಾಡಿತು. ಮಗ ಹತ್ತಿರ ಬರಲಿಲ್ಲ. ಮೆಂತ್ಯದ ಪೇಸ್ಟು ತೊಳೆಯಲಿಕ್ಕೇ ಅರ್ಧ ದಿನ.

ಈಗ ಖರ್ಚು ತಿಂಗಳಿಗೆ 200 ದಾಟುವುದಿಲ್ಲ. ಎಣ್ಣೆಗೆ ಇನ್ನೂ ಒಂದು ಸೇರಿಸುತ್ತೇನೆ, ಅದು ನನ್ನ ಬಳಿಯೇ ಇರಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ತುದಿ ಅರ್ಧ ಇಂಚು ನಾನೇ ಕತ್ತರಿಸುತ್ತೇನೆ. ಅದಕ್ಕೊಂದು ಹರಿತವಾದ ಕತ್ತರಿ ಬೇರೆಯೇ ಇದೆ, ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವುದಲ್ಲ.

ಹೋದ ತಿಂಗಳು ನಾದಿನಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯದು ನೇರ, ಜಾರುವ ಕೂದಲು, ಮೂರೆಳೆ ನಿಲ್ಲುತ್ತಿಲ್ಲ. ನಾಲ್ಕೆಳೆ ಹಾಕಿ ನೋಡುತ್ತಿದ್ದೇವೆ, ವಾರದ ಬದಲು ಐದು ದಿನಕ್ಕೆ. ಟವೆಲ್ ಮೇಲೆ ತುಂಡು ಕೂದಲು ಈಗಲೇ ಕಡಿಮೆಯಾಗಿದೆ, ಉದ್ದದ ಮಾತು ಮುಂದಿನ ಯುಗಾದಿಗೆ.