ಟುಮಲ್ಚುಅಸ್: ಯಾವಾಗ ಬಳಸಬೇಕು, ಯಾವಾಗ ಬೇಡ

ಇಂಗ್ಲಿಷಿನ ‘ಟುಮಲ್ಚುಅಸ್’ (tumultuous) ಎಂಬ ಗುಣವಾಚಕವನ್ನು ‘ಗದ್ದಲದ’ ಎಂದಷ್ಟೇ ಅನುವಾದಿಸಿದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಸದ್ದಿನ ಜೊತೆ ಉಕ್ಕುವಿಕೆ, ಅಲ್ಲೋಲಕಲ್ಲೋಲ ಎರಡೂ ಇದರಲ್ಲಿವೆ. ಮೂಲ ಲ್ಯಾಟಿನ್ನಿನ ‘ಟುಮುಲ್ಟುಸ್’, ಅಂದರೆ ದೊಂಬಿ, ಕೋಲಾಹಲ. ನಮ್ಮ ‘ತುಮುಲ’ವನ್ನು ಪಕ್ಕದಲ್ಲಿಟ್ಟುಕೊಳ್ಳಿ, ಅರ್ಥ ಮರೆಯುವುದಿಲ್ಲ.

ಉಚ್ಚಾರಣೆಯಲ್ಲಿ ಒತ್ತು ‘ಮಲ್’ ಮೇಲೆ. ಬರೆಯುವಾಗ ಹೆಚ್ಚಿನವರು ಎಡವುವುದು ಕೊನೆಯಲ್ಲಿ: ಎರಡನೇ ‘ಟಿ’ ಆದಮೇಲೆ ಯು, ಓ, ಯು, ಎಸ್. ಆ ಮೊದಲ ‘ಯು’ವನ್ನೇ ನುಂಗಿಬಿಡುತ್ತಾರೆ.

ಇದು ಬೈಗುಳವೇನಲ್ಲ. ‘ಟುಮಲ್ಚುಅಸ್ ಅಪ್ಲಾಸ್’ ಎಂದರೆ ಸಭಾಂಗಣ ನಡುಗಿಸುವ ಚಪ್ಪಾಳೆ, ಅದು ಮೆಚ್ಚುಗೆಯೇ. ಅದೇ ಪದ ‘ಇಯರ್ಸ್’ ಮುಂದೆ ಬಂದರೆ ಏರುಪೇರಿನ ವರ್ಷಗಳು, ‘ರಿಲೇಶನ್‌ಶಿಪ್’ ಮುಂದೆ ಬಂದರೆ ಜಗಳ-ರಾಜಿಗಳ ಸಂಬಂಧ. ಇಲ್ಲಿ ಸದ್ದೇ ಇರಬೇಕಾಗಿಲ್ಲ.

ಕಿರುಗುಟ್ಟುವ ಫ್ಯಾನಿಗೆ ಈ ಪದ ಬೇಡ, ‘ನಾಯ್ಸಿ’ ಸಾಕು. ತುಂಟ ಹುಡುಗನಿಗೂ ಇದು ಒಗ್ಗದು, ‘ಅನ್‌ರೂಲಿ’ ಎನ್ನಿ. ವಿಮಾನ ಕುಲುಕಿಸುವ ಗಾಳಿಗೆ ‘ಟರ್ಬ್ಯುಲೆಂಟ್’ ಸರಿ. ‘ವೆರಿ’ ಸೇರಿಸಬೇಡಿ, ಪದವೇ ಸಾಕಷ್ಟು ಜೋರಾಗಿದೆ.

ಕನ್ನಡಕ್ಕೆ ತರುವಾಗ ಮುಂದಿನ ನಾಮಪದ ನೋಡಿ ಆರಿಸಿ: ಸ್ವಾಗತಕ್ಕೆ ‘ಅಬ್ಬರದ’, ಗುಂಪಿಗೆ ‘ಕೋಲಾಹಲದ’, ಕಾಲಕ್ಕೆ ‘ಪ್ರಕ್ಷುಬ್ಧ’.