ಅಂತಿಮ ಸ್ಥಿತಿಯಿಂದ ಆರಂಭಿಕ ಸ್ಥಿತಿಗೆ: ಬರ್ಗರ್ಸ್ ಸಮೀಕರಣದಲ್ಲಿ ಹಿಮ್ಮುಖ ಲೆಕ್ಕ

ಬರ್ಗರ್ಸ್ ಸಮೀಕರಣವೆಂದರೆ, ತನ್ನನ್ನೇ ಹೊತ್ತೊಯ್ಯುವ ಮತ್ತು ಸ್ನಿಗ್ಧತೆಯಿಂದ ಹರಡಿಹೋಗುವ ವೇಗದ ಒಂದು ಆಯಾಮದ ಸರಳ ಮಾದರಿ. ಅಂತಿಮ ವೇಗವನ್ನು ಅಳೆದು ಆರಂಭಿಕ ವೇಗ ಹುಡುಕುವುದು ಇಲ್ಲಿನ ಗುರಿ. ಕಾಲದ ಚಿಹ್ನೆ ತಿರುಗಿಸಿ ಸಾಲ್ವರ್ (ಸಮೀಕರಣ ಬಿಡಿಸುವ ಕೋಡ್) ಓಡಿಸಿದರೆ ಆರಂಭಿಕ ಸ್ಥಿತಿ ಸಿಗುವುದಿಲ್ಲ. ಕೆಲವೇ ಹೆಜ್ಜೆಗಳಲ್ಲಿ ಲೆಕ್ಕ ಸಿಡಿದುಹೋಗುತ್ತದೆ. ಸ್ನಿಗ್ಧತೆ 0.05, ಆವರ್ತಕ ಪ್ರದೇಶದ ಉದ್ದ 2ಪೈ, ಅಂತಿಮ ಕಾಲ 1 ಎಂದಿಟ್ಟುಕೊಳ್ಳಿ. ತರಂಗಸಂಖ್ಯೆ 20ರ ಘಟಕವನ್ನು (ಪ್ರದೇಶದಲ್ಲಿ 20 ಅಲೆಗಳಿರುವ ಸೈನ್ ಭಾಗವನ್ನು) ಸ್ನಿಗ್ಧತೆಯೊಂದೇ ಸುಮಾರು 48 ಕೋಟಿ ಪಟ್ಟು ಕುಗ್ಗಿಸಿರುತ್ತದೆ. ಹಿಂದಕ್ಕೆ ಬರುವಾಗ ಅಳತೆಯ ನಾಯ್ಸ್ (ಯಾದೃಚ್ಛಿಕ ದೋಷ) ಅಷ್ಟೇ ಪಟ್ಟು ಹಿಗ್ಗುತ್ತದೆ.

ಆದ್ದರಿಂದ ಕೋಡ್ ಬರೆಯುವ ಮೊದಲೇ ಎಷ್ಟು ವಿವರ ಸಿಗಬಲ್ಲದೆಂದು ಅಂದಾಜಿಸಿ. ನಾಯ್ಸ್‌ನ ವಿಲೋಮದ ಸ್ವಾಭಾವಿಕ ಲಾಗರಿದಮ್ ಅನ್ನು ಸ್ನಿಗ್ಧತೆ ಮತ್ತು ಕಾಲದ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಆರಂಭಿಕ ಘಟಕಗಳ ಎತ್ತರ 1, ಪ್ರತಿ ಘಟಕದ ನಾಯ್ಸ್ 10⁻³ ಆದರೆ ಉತ್ತರ 11.75, ಅಂದರೆ ಸುಮಾರು ಆ ತರಂಗಸಂಖ್ಯೆಯವರೆಗಿನ ವಿವರ ಮಾತ್ರ ಸಿಗುತ್ತದೆ. ಅದನ್ನು ಇಮ್ಮಡಿಯಾಗಿಸಲು ನಾಯ್ಸ್ 10⁻¹²ಕ್ಕೆ ಇಳಿಯಬೇಕು! ಅರೇಖೀಯ ಪದ ಶಕ್ತಿಯನ್ನು ಘಟಕಗಳ ನಡುವೆ ಹಂಚುವುದರಿಂದ ಈ ಗಡಿ ಅತ್ತಿತ್ತ ಸರಿಯಬಹುದು; ಇದು ಅಂದಾಜು ಮಾತ್ರ.

ಸರಿಯಾದ ದಾರಿ ಇದು: ಒಂದು ಆರಂಭ ಊಹಿಸಿ, ಮುಂದಕ್ಕೆ ಓಡಿಸಿ, ಅಂತಿಮ ವ್ಯತ್ಯಾಸ ನೋಡಿ ಊಹೆಯನ್ನು ತಿದ್ದಿ. 256 ಬಿಂದುಗಳ ಸ್ಪೆಕ್ಟ್ರಲ್ ಗ್ರಿಡ್ (ಅವಕಲಗಳನ್ನು ಸೈನ್ ಘಟಕಗಳ ಮೂಲಕ ಲೆಕ್ಕಿಸುವ ವಿಧಾನ), ಮೂರನೇ ಎರಡರ ಡಿಅಲಿಯಾಸಿಂಗ್ (ಸುಳ್ಳು ಘಟಕಗಳು ಹುಟ್ಟದಂತೆ ಮೇಲಿನ ಮೂರನೇ ಒಂದು ಭಾಗವನ್ನು ಸೊನ್ನೆ ಮಾಡುವುದು), ಕಾಲದಲ್ಲಿ ಮುಂದೆ ಸಾಗಲು ನಾಲ್ಕನೇ ದರ್ಜೆಯ ರುಂಗೆ–ಕುಟ್ಟಾ ವಿಧಾನ, ಕಾಲದ ಹೆಜ್ಜೆ 0.002 ಸಾಕು. ಕನಿಷ್ಠಗೊಳಿಸಬೇಕಾದದ್ದು, ಅಂದರೆ ಬೆಲೆ, ವ್ಯತ್ಯಾಸದ ವರ್ಗದ ಅರ್ಧ; ಜೊತೆಗೆ, ಒರಟು ಆರಂಭಗಳನ್ನು ತಡೆಯಲು, ಆರಂಭದ ಇಳಿಜಾರಿನ ವರ್ಗದ ಅರ್ಧವನ್ನು ದಂಡಗುಣಕದಿಂದ ಗುಣಿಸಿ ಕೂಡಿಸಿ.

ಊಹೆಯನ್ನು ಯಾವ ದಿಕ್ಕಿಗೆ ತಿದ್ದಬೇಕೆಂದು ಹೇಳುವ ಗ್ರೇಡಿಯಂಟ್ (ಆರಂಭ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬುದು) ಅಡ್ಜಾಯಿಂಟ್‌ನಿಂದ, ಅಂದರೆ ರೇಖೀಕರಿಸಿದ ಸಮೀಕರಣದ ಟ್ರಾನ್ಸ್‌ಪೋಸ್‌ನಿಂದ, ಬರುತ್ತದೆ. ಅಂತಿಮ ವ್ಯತ್ಯಾಸದಿಂದ ಹೊರಟು ಅದು ಕಾಲದಲ್ಲಿ ಹಿಂದಕ್ಕೆ ಸಾಗುತ್ತದೆ. ಆದರೂ ಸಿಡಿಯುವುದಿಲ್ಲ, ಏಕೆಂದರೆ ಅದರ ಪ್ರಸರಣ ಪದದ ಚಿಹ್ನೆಯೂ ತಿರುಗಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ರೇಖೀಕರಿಸಿದ ಸಮೀಕರಣದಲ್ಲಿ ವೇಗ ಅವಕಲದ ಒಳಗಿರುತ್ತದೆ, ಅಡ್ಜಾಯಿಂಟ್‌ನಲ್ಲಿ ಹೊರಗಿರುತ್ತದೆ. ಪ್ರತಿ ಹೆಜ್ಜೆಯಲ್ಲೂ ಮುಮ್ಮುಖ ಓಟದ ವೇಗ ಬೇಕಾಗುತ್ತದೆ. 256 × 500 ಸಂಖ್ಯೆಗಳೆಂದರೆ ಸುಮಾರು 1 ಎಂಬಿ, ಎಲ್ಲವನ್ನೂ ಇಟ್ಟುಕೊಳ್ಳಿ. ಮೂರು ಆಯಾಮಕ್ಕೆ ಹೋದರೆ ಅದು ಆಗದು. ಆಗ ಕೆಲವು ಹೆಜ್ಜೆಗಳನ್ನಷ್ಟೇ ಉಳಿಸಿ, ನಡುವಿನದನ್ನು ಮರುಲೆಕ್ಕ ಮಾಡಿ.

ಗ್ರೇಡಿಯಂಟ್ ಪರೀಕ್ಷೆಯನ್ನು ಬಿಡಲೇಬೇಡಿ. ಯಾದೃಚ್ಛಿಕ ದಿಕ್ಕಿನಲ್ಲಿ ಸಣ್ಣ ಹೆಜ್ಜೆ ಇಟ್ಟು, ಬೆಲೆಯ ನಿಜವಾದ ಬದಲಾವಣೆಗೂ ಗ್ರೇಡಿಯಂಟ್ ಹೇಳಿದ ಬದಲಾವಣೆಗೂ ಇರುವ ಅನುಪಾತ ನೋಡಿ. ಹೆಜ್ಜೆ ಹತ್ತು ಪಟ್ಟು ಕಿರಿದಾದಂತೆ 1ರಿಂದ ಇರುವ ಅಂತರವೂ ಹತ್ತು ಪಟ್ಟು ಕುಗ್ಗಬೇಕು, 10⁻⁷ರ ಆಸುಪಾಸಿನವರೆಗೆ. ಅನುಪಾತ 0.97ರಲ್ಲೇ ನಿಂತರೆ ಅಡ್ಜಾಯಿಂಟ್ ತಪ್ಪಾಗಿದೆ, ಇಲ್ಲವೇ ಅದು ನಿಮ್ಮ ಮುಮ್ಮುಖ ಕೋಡ್‌ನ ನಿಖರ ಟ್ರಾನ್ಸ್‌ಪೋಸ್ ಅಲ್ಲ.

ಕನಿಷ್ಠಗೊಳಿಸಲು ಎಲ್-ಬಿಎಫ್‌ಜಿಎಸ್ (ಹಿಂದಿನ ಕೆಲವು ಗ್ರೇಡಿಯಂಟ್‌ಗಳಿಂದ ಮುಂದಿನ ಹೆಜ್ಜೆ ಆರಿಸುವ ವಿಧಾನ) ಬಳಸಿ. ದಂಡಗುಣಕವನ್ನು 10⁻¹ರಿಂದ ಶುರುಮಾಡಿ ಹತ್ತು ಹತ್ತು ಪಟ್ಟು ಇಳಿಸಿ. ಪ್ರತಿ ಬಾರಿಯೂ ಹಿಂದಿನ ಉತ್ತರವೇ ಹೊಸ ಊಹೆ. ಅಂತಿಮ ವ್ಯತ್ಯಾಸದ ವರ್ಗಸರಾಸರಿ ಮೂಲವು ಬಿಂದುವಾರು ನಾಯ್ಸ್‌ನ ಪ್ರಮಾಣ ವಿಚಲನೆಗೆ ಸಮನಾದಾಗ ನಿಲ್ಲಿಸಿ. ಅದಕ್ಕಿಂತ ಕೆಳಗೆ ಇಳಿದರೆ ನೀವು ಹೊಂದಿಸುತ್ತಿರುವುದು ನಾಯ್ಸ್‌ಗೆ, ಆರಂಭದಲ್ಲಿ ಸಣ್ಣ ಸಣ್ಣ ಅಲೆಗಳು ಏಳುತ್ತವೆ.

ಪರೀಕ್ಷಾ ದತ್ತಾಂಶವನ್ನು 512 ಬಿಂದುಗಳ ಗ್ರಿಡ್‌ನಲ್ಲಿ, ಬೇರೆ ಕಾಲದ ಹೆಜ್ಜೆಯಲ್ಲಿ ತಯಾರಿಸಿ. ಅದೇ ಕೋಡ್, ಅದೇ ಗ್ರಿಡ್ ಆದರೆ ಫಲಿತಾಂಶ ಸುಳ್ಳು ಭರವಸೆ ಕೊಡುತ್ತದೆ.

ಸ್ನಿಗ್ಧತೆ ಸೊನ್ನೆಯಾದರೆ ಕಥೆಯೇ ಬೇರೆ. ಸೈನ್ ಅಲೆಯಿಂದ ಹೊರಟರೆ ಕಾಲ 1ರಲ್ಲಿ ಶಾಕ್ (ವೇಗದ ಹಠಾತ್ ಜಿಗಿತ) ಹುಟ್ಟುತ್ತದೆ. ನಂತರ ಲಕ್ಷಣರೇಖೆಗಳು (ಆರಂಭದ ಮೌಲ್ಯಗಳು ಸಾಗುವ ದಾರಿಗಳು) ಅದರೊಳಗೆ ಸೇರಿಹೋಗಿ, ಅನೇಕ ಆರಂಭಗಳು ಒಂದೇ ಅಂತ್ಯ ತಲುಪುತ್ತವೆ. ಶಾಕ್‌ಗೆ ಸೇರಿದ ಆ ಭಾಗದಲ್ಲಿ ಸಿಕ್ಕ ಉತ್ತರವನ್ನು ದಂಡ ಪದ ಆರಿಸಿಕೊಟ್ಟ ಒಂದು ಸಾಧ್ಯತೆ ಎಂದೇ ವರದಿ ಮಾಡಿ.